ಪಾವತ್ತು ಮುಗಿದ ಲಗ್ನಪತ್ರಿಕೆ

ಉಡುತಡಿಯ ಉಚ್ಚಂಗಪ್ಪನವರು ತೀರಿಕೊಂಡಾಗ ಊರಿನ ಹಿರಿಯರು ಸೇರಿ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಎದ್ದು ನಿಂತರು. ನಿಂತ ಮೇಲೆ ಕಷ್ಟವಾಯಿತು. ಅವರು ಪಂಚಾಯ್ತಿ ಮೆಂಬರಾಗಿರಲಿಲ್ಲ, ಗುಡಿ ಕಟ್ಟಿಸಿರಲಿಲ್ಲ, ಯಾವ ಸಭೆಯಲ್ಲೂ ಹಾರ ಹಾಕಿಸಿಕೊಂಡಿರಲಿಲ್ಲ. ಕೊನೆಗೆ ಒಬ್ಬರು, 'ಬಹಳ ಸಂಸಾರವಂದಿಗ' ಎಂದು ಹೇಳಿ ಕೂತುಬಿಟ್ಟರು. ಹೇಳಲು ಏನೂ ಸಿಗದೆ ಹೇಳಿದ ಮಾತು ಅದು. ಆದರೆ ಊರನ್ನು ಉದ್ಧಾರ ಮಾಡಿದವರು ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮನೆಯಲ್ಲಿ ಹೋಗಿ ವಿಚಾರಿಸಿದರೆ ಬೇರೆಯೇ ಕಥೆ ಕೇಳಿಬರುತ್ತದೆ. ಸಂಸಾರವಂದಿಗರು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಉಚ್ಚಂಗಪ್ಪನವರಿಗೆ ಮೀಸೆ ಸರಿಯಾಗಿ ಮೂಡುವ ಮೊದಲೇ ತಂದೆ ಹೋದರು. ಒಂದಿಷ್ಟು ಹೊಲ, ಒಂದು ಹಿಂಡು ಕುರಿ, ತಾಯಿ, ಇಬ್ಬರು ತಮ್ಮಂದಿರು ಉಳಿದರು. ಕೆಂಪಪ್ಪ, ಧರ್ಮಪ್ಪ ಎಂಬ ಆ ತಮ್ಮಂದಿರನ್ನು ಸಾಕಿ, ಮದುವೆ ಮಾಡಿ, ಅವರ ಹೆಂಡಿರು ಮಕ್ಕಳ ಸಮೇತ ಒಂದೇ ಒಲೆಯ ಸುತ್ತ ಕೂರಿಸಿಕೊಂಡಿದ್ದರು. ಮನೆಯಲ್ಲಿ ಯಾರಿಗೂ ಯಾರಿಗಿಂತಲೂ ಹೆಚ್ಚು ಕಡಿಮೆ ಆಗಬಾರದು ಎಂಬುದು ಅವರ ಒಂದೇ ಧರ್ಮ. ದೀಪಾವಳಿಗೆ ಬಟ್ಟೆ ತರಲು ಶಿರಾಳಕೊಪ್ಪಕ್ಕೆ ಹೋದರೆ ಒಂದೇ ಥಾನಿನಿಂದ ಎಲ್ಲರಿಗೂ ಹರಿಸುತ್ತಿದ್ದರು. ತಮ್ಮಂದಿರ ಅಂಗಿ, ಹುಡುಗರ ಚಡ್ಡಿ, ಹುಡುಗಿಯರ ಲಂಗ, ಮಿಕ್ಕಿದರೆ ದಿಂಬಿನ ಚೀಲ, ಎಲ್ಲದಕ್ಕೂ ಅದೇ ನೀಲಿ ಗೀರು. ಹಬ್ಬದ ದಿನ ಆ ಮನೆಯವರು ಸಾಲಾಗಿ ಬೀದಿಗೆ ಇಳಿದರೆ, ಪರಊರಿನವರು ಬ್ಯಾಂಡ್ ಸೆಟ್ಟು ಬಂತೆಂದು ತಿಳಿದು ವಾದ್ಯಗಳೆಲ್ಲಿ ಎಂದು ಹುಡುಕುತ್ತಿದ್ದರು.

ಸಂತೆಗೆ ಹೋದವರೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ಊರಿಗೆ ಬರುತ್ತಿದ್ದರು. ಇವರು ಮಾತ್ರ ಮೆಣಸಿನಕಾಯಿ ಬಜ್ಜಿಯನ್ನು ಟವೆಲಿನಲ್ಲಿ ಗಂಟು ಕಟ್ಟಿ, ಆರುವುದರೊಳಗೆ ಮನೆ ಮುಟ್ಟಬೇಕೆಂದು ಓಡುನಡಿಗೆಯಲ್ಲಿ ಬರುತ್ತಿದ್ದರು. ಆ ಟವೆಲಿಗೆ ಒಗೆದರೂ ಹೋಗದ ಎಣ್ಣೆಯ ವಾಸನೆ ಇತ್ತು. ದಾರಿಯ ನಾಯಿಗಳಿಗೆಲ್ಲ ಅವರ ಮೇಲೆ ವಿಶೇಷ ಗೌರವ.

ಅವರಿಗೂ ಒಂದು ಹಮ್ಮು ಇತ್ತು ಎನ್ನದಿದ್ದರೆ ಸುಳ್ಳಾಗುತ್ತದೆ. ತಾವು ಬಹಳ ಖಡಕ್ ಯಜಮಾನ ಎಂದು ಅವರು ನಂಬಿದ್ದರು. 'ಈ ಮನ್ಯಾಗ ನಾನು ಹೇಳಿದ್ದೇ ಆಗಬೇಕು' ಎಂದು ಪಡಸಾಲೆಯಲ್ಲಿ ಗುಡುಗುವರು. ಆಮೇಲೆ ಏನು ಹೇಳಬೇಕೆಂದು ತಿಳಿದುಕೊಳ್ಳಲು ಅಡುಗೆಮನೆಗೆ ಹೋಗುವರು. ಅಲ್ಲಿ ಹೆಂಡತಿ ಹುಲಿಗೆಮ್ಮನವರು ಇರುತ್ತಿದ್ದರು. ಅವರು ಸೊರಬದ ಕಡೆಯವರು. ಮದುವೆಯಾಗಿ ಎಷ್ಟು ಕಾಲವಾದರೂ ಮಾತಿನಲ್ಲಿ 'ಎಂತ' ಎನ್ನುವುದನ್ನು ಬಿಟ್ಟಿರಲಿಲ್ಲ.

ನಯಾಪೈಸೆ ಬಂದ ಮರುವರ್ಷ ಅವರ ದೊಡ್ಡ ಮಗಳು ವರದಮ್ಮನಿಗೆ ಗಂಡು ಗೊತ್ತಾಯಿತು. ಹುಡುಗ ಹಾಲೇಶ, ಶಿಕಾರಿಪುರದ ಹತ್ತಿರದವನು, ಸರ್ವೆಯವರ ಜೊತೆ ಸರಪಳಿ ಎಳೆಯುವ ಸರ್ಕಾರಿ ನೌಕರಿ. ಎಲ್ಲ ಸರಿಯಾಗಿತ್ತು, ಸೋದರಮಾವ ಒಬ್ಬರನ್ನು ಬಿಟ್ಟು.

ನಮ್ಮ ಕಡೆ ಮದುಮಗಳು ತಾನಾಗಿ ನಡೆದು ಹಸೆಗೆ ಬರುವಂತಿಲ್ಲ. ಸೋದರಮಾವ ಒಳಮನೆಯಿಂದ ಎತ್ತಿಕೊಂಡು ಬಂದು ಮಣೆಯ ಮೇಲೆ ಕೂರಿಸಬೇಕು. ವರದಮ್ಮನಿಗೆ ಇದ್ದವರು ಒಬ್ಬರೇ ಸೋದರಮಾವ, ಹುಲಿಗೆಮ್ಮನವರ ಅಣ್ಣ ಶೇಷಪ್ಪನವರು. ಅವರೋ ಧರ್ಮಪ್ಪನ ಮದುವೆಯ ದಿನ ಸಿಟ್ಟಾಗಿ ಹೋದವರು ಮತ್ತೆ ಉಡುತಡಿಯ ಮಣ್ಣು ಮೆಟ್ಟಿರಲಿಲ್ಲ.

ಸಿಟ್ಟಿನ ಕಾರಣ ಇಷ್ಟು. ಮದುವೆಯಲ್ಲಿ ಬೀಗರಿಗೆ ವೀಳ್ಯ ಕೊಡುವಾಗ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಬೇಕು. ಕೂಗಲು ನಿಂತ ಮುದುಕರ ಬಾಯಲ್ಲಿ ಎಲೆ ಅಡಿಕೆಯ ರಸ ತುಂಬಿ ತುಳುಕುತ್ತಿತ್ತು. 'ಪ್ಪ' ಎನ್ನಬೇಕಾದರೆ ತುಟಿ ಮುಚ್ಚಿ ಸಿಡಿಸಬೇಕು. ಸಿಡಿಸಿದರೆ ಎದುರಿಗಿದ್ದ ಬೀಗರ ಬಿಳಿ ಪಂಚೆಯ ಗತಿ ಏನು? ಮುದುಕರು ಪಂಚೆಯನ್ನು ಉಳಿಸಿದರು, ಹೆಸರನ್ನು ಕೆಡಿಸಿದರು. 'ಸೊರಬದ ಶೇಷ' ಎಂದು ಕೂಗಿ ಮುಖ ಮೇಲಕ್ಕೆತ್ತಿಕೊಂಡು ನಿಂತರು. ತುಂಬಿದ ಸಭೆಯಲ್ಲಿ, ಬೀಗರ ಎದುರಿನಲ್ಲಿ, ಕುರಿ ಕಾಯುವ ಆಳನ್ನು ಕರೆದ ಹಾಗೆ 'ಶೇಷ'! ಶೇಷಪ್ಪನವರು ವೀಳ್ಯವನ್ನೂ ಮುಟ್ಟಲಿಲ್ಲ, ಊಟವನ್ನೂ ಮಾಡಲಿಲ್ಲ. ಹೆಗಲ ವಸ್ತ್ರ ಕೊಡವಿ ನಡೆದುಬಿಟ್ಟರು.

ಈಗ ವರದಮ್ಮ ಒಂದೇ ಮಾತು ಹೇಳಿದಳು, ಮಾವ ಬಂದು ಎತ್ತದಿದ್ದರೆ ತಾನು ಒಳಮನೆಯಿಂದ ಏಳುವುದಿಲ್ಲ ಎಂದು. ಹುಲಿಗೆಮ್ಮನವರು ಏನೂ ಹೇಳಲಿಲ್ಲ. ಉಚ್ಚಂಗಪ್ಪನವರಿಗೆ ಮಗಳ ಮಾತಿಗಿಂತ ಹೆಂಡತಿಯ ಈ ಮೌನಕ್ಕೇ ಹೆದರಿಕೆಯಾಯಿತು.

ಆಗ ನಾನು ಊರ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು. ಒಂದು ಸಂಜೆ ಉಚ್ಚಂಗಪ್ಪನವರು ಬಂದು, ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸುವುದಾಗಿ ಹೇಳಿದರು. ಆ ಮನೆತನದಲ್ಲಿ ಅದುವರೆಗೆ ಎಲ್ಲ ಬಾಯಿಮಾತಿನ ಹೇಳಿಕೆಯೇ. ಅವರ ಲೆಕ್ಕಾಚಾರ ಹೀಗಿತ್ತು: ಬಾಯಿ ತಪ್ಪಬಹುದು, ಅಚ್ಚು ತಪ್ಪುವುದಿಲ್ಲ. ಶೇಷಪ್ಪ ಎಂದು ಒಮ್ಮೆ ಅಚ್ಚಾಯಿತೋ, ಯಾವ ಮುದುಕನೂ ಅದರ ಬಾಲ ನುಂಗಲಾರ. ಆದರೆ ಭಾವಮೈದುನನ ಹೆಸರು ಒಂದನ್ನೇ ಹಾಕಿದರೆ ತಮ್ಮಂದಿರು ಏನು ತಪ್ಪು ಮಾಡಿದ್ದಾರೆ? ತಮ್ಮಂದಿರನ್ನು ಹಾಕಿದರೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು? ಬಂದಳಿಕೆಯ ನೆಂಟರು? ಕುರಿ ಮಂದೆ ಹಾಕಲು ಹೋದಾಗ ನೆಂಟಸ್ತನ ಬೆಳೆದ ಊರುಗಳವರು?

ನಾನು ಹೊಸ ಮೇಷ್ಟ್ರಲ್ಲವೇ, ಓದಿದ್ದೆಲ್ಲ ತೋರಿಸಲು ಒಂದು ಜಾಗ ಬೇಕಿತ್ತು. ಸಂಸ್ಕೃತವನ್ನು ಧಾರಾಳವಾಗಿ ಸುರಿದು ಅರ್ಧ ಪುಟದ ಒಂದೇ ವಾಕ್ಯ ಬರೆದುಕೊಟ್ಟೆ. ಅವರು ಓದಿಸಿ ಕೇಳಿ, "ಚಲೋ ಐತಿ ಮೇಷ್ಟ್ರೇ. ಆದ್ರ ಮಾತು ಕಡಿಮೆ ಮಾಡಿ ಜನಾನ ಜಾಸ್ತಿ ಹಾಕ್ರಿ" ಎಂದರು.

ಇಬ್ಬರೂ ಶಿರಾಳಕೊಪ್ಪದ ಒಂದು ಸಣ್ಣ ಅಚ್ಚುಕೂಟಕ್ಕೆ ಹೋದೆವು. ಮೊಳೆ ಜೋಡಿಸುವ ಜಯಪ್ಪ ಎಂಬಾತ ಕನ್ನಡಕ ಹಣೆಗೇರಿಸಿ ಹೆಸರುಗಳನ್ನು ನೋಡಿ ನಿಟ್ಟುಸಿರು ಬಿಟ್ಟು ಕೆಲಸಕ್ಕೆ ಕೂತ. ಒಂದೊಂದೇ ಸೀಸದ ಅಕ್ಷರವನ್ನು ಗೂಡಿನಿಂದ ಹೆಕ್ಕಿ ಸಾಲಿಗೆ ಹಚ್ಚುತ್ತಾ ಹೋದ. ಕೆಂಪಪ್ಪ ಬಂದ, ಧರ್ಮಪ್ಪ ಬಂದ, ಬಸಪ್ಪ, ಹನುಮಪ್ಪ, ಗುತ್ಯಪ್ಪ ಎಲ್ಲ ಬಂದರು. ಸಾಲು ಸೊರಬದ ಹಾದಿ ಹಿಡಿಯಬೇಕು ಎನ್ನುವಾಗ ಜಯಪ್ಪನ ಕೈ ಗೂಡಿನೊಳಗೇ ನಿಂತಿತು.

"ಪಾವತ್ತು ಮುಗಿದ್ವು ರೀ ಯಜಮಾನ್ರೇ."

ಪಾವತ್ತು ಎಂದರೆ ಪಕಾರದ ಕೆಳಗೆ ಬರುವ ಒತ್ತು. ಶಾಲೆಯ ಮಕ್ಕಳು 'ಪಕ್ಕೆ ಪಾವತ್ತು' ಎಂದು ಕೂಗುವುದು ಇದನ್ನೇ. ಅದಿಲ್ಲದಿದ್ದರೆ ಅಪ್ಪನೂ ಬರೀ 'ಅಪ' ಆಗುತ್ತಾನೆ. ಆ ಅಚ್ಚುಕೂಟವನ್ನು ಇಟ್ಟವರು ನಮ್ಮ ಸೀಮೆಯಲ್ಲಿ ಇಷ್ಟೊಂದು ಅಪ್ಪಂದಿರು ಇದ್ದಾರೆಂದು ಎಣಿಸಿರಲಿಲ್ಲ. ಇದ್ದ ಒತ್ತುಗಳಲ್ಲಿ ಕೆಲವು ಬೇರೆ ಮದುವೆಯ ಪತ್ರಿಕೆಯಲ್ಲಿ ಸಿಕ್ಕಿಕೊಂಡಿದ್ದವು. ಹೊಸದು ಬೆಂಗಳೂರಿನಿಂದ ಬರಬೇಕು. ಬರುವ ಹೊತ್ತಿಗೆ ವರದಮ್ಮನ ಮದುವೆಯಷ್ಟೇ ಅಲ್ಲ, ಸೀಮಂತವೂ ಆಗಿರುತ್ತದೆ ಎಂದು ಜಯಪ್ಪ ಹೇಳಿದ.

ಉಪಾಯಗಳಿಗೆ ಮಾತ್ರ ಬರವಿರಲಿಲ್ಲ. ಒತ್ತಿಲ್ಲದೆ 'ಶೇಷಪ' ಎಂದು ಹಾಕೋಣ, ಓದುವವರು ಸ್ವಲ್ಪ ಒತ್ತಿ ಓದಿಕೊಳ್ಳುತ್ತಾರೆ ಎಂದ ಜಯಪ್ಪ. ಉಚ್ಚಂಗಪ್ಪನವರ ಮುಖ ಬಿಳಿಚಿತು. ಅಯ್ಯ ಎಂದು ಮಾಡಿದರೆ? ಶೇಷಯ್ಯ ಯಾರು ಎಂದು ಶೇಷಪ್ಪನೇ ಕೇಳುತ್ತಾನೆ. ಉಳಿದವರನ್ನು ಆಮೇಲೆ ಹಿಂದಿನ ಪುಟಕ್ಕೆ ಹಾಕಿದರೆ? ಹಿಂದಿನ ಪುಟ ಎಂದರೆ ಹಿಂದಿನ ಪಂಕ್ತಿ, ಅಲ್ಲಿ ಕೂರುವವನು ಯಾರು? ತಲೆಬರಹದ ದೊಡ್ಡ ಅಕ್ಷರದ ಗೂಡಿನಲ್ಲಿ ನಾಲ್ಕಾರು ಪಾವತ್ತು ಇದ್ದವು. ಅವನ್ನು ಹಾಕಿದರೆ ಒಬ್ಬನ ಪ್ಪ ಕುಂಬಳಕಾಯಿಯಷ್ಟು, ಇನ್ನೊಬ್ಬನದು ನಿಂಬೆಕಾಯಿಯಷ್ಟು. ಅದಕ್ಕೆ ಹೊಸ ಜಗಳ. ನಾನು ಒತ್ತುಗಳನ್ನು ಕೈಯಲ್ಲೇ ಬರೆದುಕೊಡುತ್ತೇನೆ ಎಂದೆ.

"ಹೊಸ ಅಂಗಿಗೆ ತ್ಯಾಪೆ ಹಚ್ಚಿದಂಗ ಆಗ್ತತಿ ಮೇಷ್ಟ್ರೇ" ಎಂದರು ಅವರು. "ನಂದು ತಗೀರಿ, ನನ್ನ ಪಾವತ್ತು ಭಾವಗ ಕೊಡ್ರಿ."

"ಕೊಡಬಹುದು," ಎಂದ ಜಯಪ್ಪ. "ಆದ್ರ ಆ ಸಾಲಿನಾಗ ಶೇಷಪ್ಪನೋರ ಹಿಂದೆ ಇನ್ನೂ ಭಾಳ ಮಂದಿ ನಿಂತಾರಲ್ರೀ." ಆಮೇಲೆ ಬೇಸರ ಕಳೆಯಲು ಎಂಬಂತೆ ಪಕ್ಕದ ಗೂಡನ್ನು ಅಲುಗಾಡಿಸಿ ತೋರಿಸಿದ. ತುಂಬಿದ ಗೂಡು ಗಲಗಲ ಸದ್ದು ಮಾಡಿತು. "ಇವು ನೋಡ್ರಿ, ಮಾವತ್ತು. ತುಂಬಿ ಕೂತಾವ. ದೇವರ ಹೆಸರಿಗೆ ಒಂದು ಬೇಕಾಗ್ತತಿ ಅಷ್ಟೇ. ಹೆಂಗಸ್ರ ಹೆಸರು ಯಾರು ಹಾಕಿಸ್ತಾರ?"

ಆ ಹೊತ್ತು ನಾವು ಏನೂ ತೀರ್ಮಾನಿಸದೆ ಊರಿಗೆ ಬಂದೆವು. ಅಡುಗೆಮನೆಯ ಬಾಗಿಲಲ್ಲಿ ನಿಂತು ಉಚ್ಚಂಗಪ್ಪನವರು ನಡೆದದ್ದನ್ನೆಲ್ಲ ಒಪ್ಪಿಸಿದರು, ಮಾವತ್ತಿನ ವಿಷಯವನ್ನೂ. ಹುಲಿಗೆಮ್ಮನವರು ರೊಟ್ಟಿ ತಟ್ಟುತ್ತಲೇ ಕೇಳಿದರು. ಕೇಳಿ, ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದರು.

"ಈ ಗಂಡಸ್ರು ಮದುವೆಗೆ ಎಂತಕ್ಕೆ ಬರ್ತಾರೆ? ಹೆಂಡ್ರು ಹೊರಟ್ರು ಅಂತ ಬರ್ತಾರೆ. ಹೊರಡೋರ ಹೆಸರೇ ಹಾಕಿ."

ಪಡಸಾಲೆಗೆ ಬಂದು ಉಚ್ಚಂಗಪ್ಪನವರು, ತಾವು ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿರುವುದಾಗಿ ಗಟ್ಟಿಯಾಗಿ ಸಾರಿದರು. ಅರ್ಧ ಗಂಡಸರು ಅರ್ಧ ಹೆಂಗಸರು ಎಂಬ ಭೇದ ಬೇಡ, ಹಾಕಿದರೆ ಎಲ್ಲ ಹೆಂಗಸರೇ. ಗಂಡಿನ ಕಡೆಯವರ ಗೊಡವೆ ಮಾತ್ರ ನಮಗೆ ಬೇಡ, ಅವರ ಪಾವತ್ತು ಅವರಿಗಿರಲಿ.

ಹೀಗೆ ನಮ್ಮ ತಾಲೂಕಿನಲ್ಲಿ ಹಿಂದೆಂದೂ ಕಾಣದ ಪತ್ರಿಕೆಯೊಂದು ಹೊರಟಿತು. ಮೇಲೆ ಶ್ರೀ ಉಚ್ಚಂಗಮ್ಮ ಪ್ರಸನ್ನ. ಕೆಳಗೆ ಉಡುತಡಿಯ ಶ್ರೀಮತಿ ಹುಲಿಗೆಮ್ಮನವರ ಜ್ಯೇಷ್ಠ ಪುತ್ರಿ ವರದಮ್ಮನ ವಿವಾಹ. ಅದರ ಕೆಳಗೆ ಆಗಮನಾಭಿಲಾಷಿಗಳು: ಕೆಂಪಪ್ಪನ ಹೆಂಡತಿ ನಿಂಗಮ್ಮ, ಧರ್ಮಪ್ಪನ ಹೆಂಡತಿ ಲೋಕಮ್ಮ, ಆಮೇಲೆ ಉಳಿದ ಅಮ್ಮಂದಿರೆಲ್ಲ, ಸೊರಬ ಸೀಮೆಗೆ ಬಂದಾಗ ಮೊದಲಿಗೆ ಶೇಷಪ್ಪನವರ ಹೆಂಡತಿ ಯಮುನಮ್ಮ. ಗಂಡಂದಿರ ಹೆಸರು ನಿಮಗೆ ಗುರುತು ಸಿಗಲೆಂದು ನಾನು ಹೇಳಿದ್ದು, ಅಚ್ಚಿನಲ್ಲಿ ಇರಲಿಲ್ಲ. ಗಂಡಸರನ್ನು ಪೂರ್ತಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಕೊನೆಯ ಸಾಲಿನಲ್ಲಿ ನಾನು 'ಹಾಗೂ ಅವರವರ ಮನೆಯವರು' ಎಂದು ಸೇರಿಸಿದ್ದೆ. ಅದರಲ್ಲಿ ಯಾವ ಒತ್ತಕ್ಷರವೂ ಇರಲಿಲ್ಲ.

ಊರಿನ ಗಂಡಸರು ಚಹಾದ ಅಂಗಡಿಯ ಮುಂದೆ ಪತ್ರಿಕೆಯನ್ನು ತಿರುವಿ ತಿರುವಿ ನೋಡಿದರು. ಹಿಂದಿನ ಪುಟವನ್ನೂ ನೋಡಿದರು, ಅಲ್ಲಿಯಾದರೂ ಇದ್ದೇವೋ ಎಂದು. ಕೆಂಪಪ್ಪ ಅಣ್ಣನ ಮುಂದೆ ಬಂದು ನಿಂತು, "ನಾನು ಯಾವಾಗ ಸತ್ತೆ ಅಂತ ಒಂದೀಟು ಹೇಳಿಬಿಡು, ತಿಥಿಗಾದ್ರೂ ಅನುಕೂಲ ಆಗ್ತತಿ" ಎಂದ. ಅವನ ಸಿಟ್ಟು ಬಹಳ ಹೊತ್ತು ಉಳಿಯಲಿಲ್ಲ, ಏಕೆಂದರೆ ಒಳಗೆ ನಿಂಗಮ್ಮ ತನ್ನ ಹೆಸರು ಯಾವುದು ಎಂದು ಬೆರಳಿಟ್ಟು ತೋರಿಸಿಕೊಂಡು, ಅದರ ಮೇಲೆ ಒಂದು ಚುಕ್ಕೆ ಕುಂಕುಮ ಇಟ್ಟಾಗಿತ್ತು. ಸುತ್ತಿನ ಹಳ್ಳಿಗಳಲ್ಲಿಯೂ ಇದೇ ಕಥೆ. ಓದಲು ಬಾರದ ಹೆಂಗಸರು ದಾರಿಯಲ್ಲಿ ನನ್ನನ್ನು ತಡೆದು ಓದಿಸಿದರು. ತಮ್ಮ ಹೆಸರು ಬಂದ ಕೂಡಲೇ ಸಾಕು ಎಂದು ಪತ್ರಿಕೆ ಕಿತ್ತುಕೊಳ್ಳುತ್ತಿದ್ದರು. ಅರ್ಧ ಪುಟದಿಂದ ಎರಡು ಸಾಲಿಗೆ ಇಳಿದಿದ್ದ ನನ್ನ ಸಂಸ್ಕೃತವನ್ನು ಕೊನೆಯವರೆಗೆ ಕೇಳಿದವರು ಒಬ್ಬರೂ ಇಲ್ಲ.

ಸೊರಬಕ್ಕೆ ಉಚ್ಚಂಗಪ್ಪನವರು ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋದರು. ಮನೆಯ ಜಗಲಿಯ ಮೇಲೆ ಶೇಷಪ್ಪನವರು ಪುಂಡಿ ನಾರಿನ ಹಗ್ಗ ಹೊಸೆಯುತ್ತಾ ಕೂತಿದ್ದರು. ನಮ್ಮನ್ನು ಕಂಡು ಕಂಬದ ಕಡೆಗೆ ಮುಖ ತಿರುಗಿಸಿದರು. ಉಚ್ಚಂಗಪ್ಪನವರು ನೇರವಾಗಿ ಒಳಗೆ ಹೋಗಿ ಯಮುನಮ್ಮನವರಿಗೆ ಕುಂಕುಮ, ಅಕ್ಷತೆ, ಪತ್ರಿಕೆ ಕೊಟ್ಟರು. ನಾನು ಹೆಸರು ಓದಿ ತೋರಿಸಿದೆ. ಅಷ್ಟರಲ್ಲಿ ಹೊರಗಿನಿಂದ ಕೈಯೊಂದು ಬಂದು ಪತ್ರಿಕೆಯನ್ನು ತೆಗೆದುಕೊಂಡಿತು. ಹೆಸರು ಕೆಟ್ಟಿರುತ್ತದೆ, ಕೆಟ್ಟಿದ್ದನ್ನು ತೋರಿಸಿ ಕಳಿಸಿಬಿಡೋಣ ಎಂದು ಶೇಷಪ್ಪನವರು ಸಿದ್ಧವಾಗಿಯೇ ಇದ್ದರು ಎಂದು ಕಾಣುತ್ತದೆ. ಮೇಲಿನಿಂದ ಕೆಳಗೆ ಹುಡುಕಿದರು. ಕೆಡಲಿಕ್ಕೆ ಅಲ್ಲಿ ಹೆಸರೇ ಇರಲಿಲ್ಲ.

"ನನ್ನ ಹೆಸರು ಎಂತಕ್ಕೆ ಇಲ್ಲ?" ಎಂದು ಕಂಬವನ್ನು ಕೇಳಿದರು.

"ಪಾವತ್ತು ಮುಗಿದಿದ್ವು" ಎಂದು ಉಚ್ಚಂಗಪ್ಪನವರೂ ಕಂಬಕ್ಕೇ ಹೇಳಿದರು.

"ನಿಮ್ದಾದ್ರೂ ಇದೆಯಾ?"

"ಇಲ್ಲ."

"ಕೆಂಪಪ್ಪಂದು?"

"ಇಲ್ಲ."

"ಅವತ್ತು ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು ಕೂಗಿದ್ನಲ್ಲ, ಆ ಮುದುಕಂದು?"

"ಅವನ ಹೆಂಡ್ತಿದು ಐತಿ. ಅವಂದಿಲ್ಲ."

ಶೇಷಪ್ಪನವರು ಪತ್ರಿಕೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ, "ಹಾಗಾದ್ರೆ ಅಡ್ಡಿಲ್ಲ" ಎಂದರು.

ಸೊರಬದ ಕಡೆ ಅಡ್ಡಿಲ್ಲ ಎಂದರೆ ಒಪ್ಪಿಗೆ ಎಂದೇನೂ ಅಲ್ಲ. ಮಳೆ ಬಂದರೂ ಅಡ್ಡಿಲ್ಲ, ಬಾರದಿದ್ದರೂ ಅಡ್ಡಿಲ್ಲ. ಬರುವಿರಾ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ಯಮುನಮ್ಮನವರು ಮಾತ್ರ ಪತ್ರಿಕೆಯನ್ನು ಗಂಡನ ಕೈಯಿಂದ ವಾಪಸು ತೆಗೆದುಕೊಂಡು, ಕರೆಯುವವಳು ತಾನು ಎಂದು ಅಚ್ಚಾಗಿದೆ, ಕರೆದು ಮನೆಯಲ್ಲಿ ಕೂತರೆ ಜನ ನಗುತ್ತಾರೆ, ಆದ್ದರಿಂದ ಮುಂಚಿನ ದಿನವೇ ಹೊರಡುತ್ತೇನೆ ಎಂದರು. ನನಗೆ ಅನ್ನ ಮಾಡಿ ಹಾಕುವವರು ಯಾರು ಎಂದು ಶೇಷಪ್ಪನವರು ಕೇಳಿದರು. ಅಲ್ಲಿ ಮದುವೆ ಊಟ ಇರುತ್ತದಲ್ಲ ಎಂದರು ಅವರು.

ಮದುವೆಯ ಹಿಂದಿನ ದಿನ ಬಸ್ಸಿನಿಂದ ಯಮುನಮ್ಮನವರು ಒಬ್ಬರೇ ಇಳಿದರು.

ಮರುದಿನ ಚಪ್ಪರ ತುಂಬಿತು. ಕಿರಿಯ ಹಿರಿಯ ಅಮ್ಮಂದಿರೆಲ್ಲ, ತಾವು ಕರೆದ ಮದುವೆ ಎಂಬ ಠೀವಿಯಲ್ಲಿ, ಬಂದವರನ್ನು ಬನ್ನಿ ಕೂತ್ಕೊಳ್ಳಿ ಎಂದು ಉಪಚರಿಸುತ್ತಿದ್ದರು. ಅವರವರ ಮನೆಯವರು ಹಿಂದೆ ಹಿಂದೆ ಮಕ್ಕಳನ್ನು ಎತ್ತಿಕೊಂಡು ಬಂದರು. ಯಾರೊಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಮುಹೂರ್ತ ಹತ್ತಿರವಾಯಿತು. ಹಾಲೇಶ ಬಾಸಿಂಗ ಕಟ್ಟಿಕೊಂಡು ಬೆವರುತ್ತಿದ್ದ. ಒಳಮನೆಯಲ್ಲಿ ವರದಮ್ಮ ಅಲ್ಲಾಡದೆ ಕೂತಿದ್ದಳು. ಸೋದರಮಾವ ಎಲ್ಲಿ ಎಂದು ಗಂಡಿನ ಕಡೆಯವರು ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ ಕೇಳಿದರು.

ಯಮುನಮ್ಮನವರು ಉಚ್ಚಂಗಪ್ಪನವರ ಹತ್ತಿರ ಬಂದು ಹೇಳಿದರು: "ಅವರು ಬಂದಿರ್ತಾರೆ ಅಣ್ಣ. ಎಲ್ಲೋ ಕೂತಿರ್ತಾರೆ. ಹುಡುಕಿ."

ಯಜಮಾನರು ಬೀಗರನ್ನು ಅಲ್ಲೇ ಬಿಟ್ಟು ಪೇಟ ಸರಿಮಾಡಿಕೊಳ್ಳುತ್ತಾ ಓಡಿದರು. ಗಡಿಬಿಡಿಯಲ್ಲಿ ಅವರು ಮರೆತಿದ್ದ ಅಕ್ಷತೆಯ ತಟ್ಟೆ ಹಿಡಿದು ನಾನೂ ಹಿಂದೆ ಓಡಿದೆ. ಊರ ಬಾಗಿಲಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಇಸ್ತ್ರಿ ಮುರಿಯದ ಕೋಟು ಹಾಕಿಕೊಂಡು, ಶೇಷಪ್ಪನವರು ಕೂತಿದ್ದರು. ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರಂತೆ. ಯಾರಾದರೂ ಎದುರುಗೊಂಡು ಕರೆದೊಯ್ಯಲಿ ಎಂದು ಕಾದದ್ದು. ಯಾರೂ ನೋಡಿರಲಿಲ್ಲ.

"ಕರೆಯೋಕೆ ಬರ್ತಾರೆ ಅಂತ ಕೂತಿದ್ದೆ" ಎಂದರು, ಕೋಟಿನ ಗುಂಡಿ ನೋಡುತ್ತಾ.

ಉಚ್ಚಂಗಪ್ಪನವರು ಏದುಸಿರು ಬಿಡುತ್ತಾ ಅವರ ಪಕ್ಕದಲ್ಲೇ ಕೂತರು. "ಕರೆಯೋರು ಹೆಂಗಸ್ರು, ಭಾವ. ನಂಗ ಅಧಿಕಾರ ಇಲ್ಲ. ನಾನೂ ಹುಲಿಗೆಮ್ಮನ ಮನೆಯವನು ಅಂತ ಬಂದೀನಿ, ಅಷ್ಟೇ." ಆಮೇಲೆ, "ವರದಮ್ಮ ಒಳಗ ಕೂತಾಳ. ನೀವು ಎತ್ತದಿದ್ರ ಏಳಂಗಿಲ್ಲ ಅಂತಾಳ" ಎಂದರು.

"ಹಾಗಂದ್ಲಾ?"

"ಹೂಂ."

ಶೇಷಪ್ಪನವರು ಎದ್ದರು. ಕರೆಯುವ ಅಧಿಕಾರವಿಲ್ಲದ ಇಬ್ಬರು ಮನೆಯವರು ಬಿಸಿಲಿನಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕುತ್ತಾ ಮದುವೆಮನೆಯ ಕಡೆಗೆ ದಾಪುಗಾಲು ಹಾಕಿದರು.

ವರದಮ್ಮ ತವರಿನ ರೊಟ್ಟಿ ಬೆಣ್ಣೆ ತಿಂದು ಬೆಳೆದ ಹುಡುಗಿ. ಶೇಷಪ್ಪನವರಿಗೆ ವಯಸ್ಸಾಗಿತ್ತು. ಎತ್ತಿದಾಗ ಅವರ ಕೋಟು ಬೆನ್ನಿನಲ್ಲಿ ಚರ್ರೆಂದು ಹರಿಯಿತು. ಉಚ್ಚಂಗಪ್ಪನವರು ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡು ಪಕ್ಕದಲ್ಲಿ ಏಡಿಯಂತೆ ಅಡ್ಡಡ್ಡ ನಡೆದರು. ಬೇಕಾದರೆ ನಾನು ನಡೆಯುತ್ತೇನೆ ಮಾವ ಎಂದು ಅವಳು ಕಿವಿಯಲ್ಲಿ ಹೇಳಿದಳಂತೆ. ಸುಮ್ಮನೆ ಕೂತ್ಕೋ ಎಂದರಂತೆ ಅವರು. ಮಣೆಯ ಮೇಲೆ ಇಳಿಸಿದಾಗ ಅವಳಿಗಿಂತ ಮೊದಲು ಅವರೇ ಕೂತರು. ವಾದ್ಯದವರು ಅದನ್ನೇ ಮುಹೂರ್ತ ಎಂದು ತಿಳಿದು ಬಾರಿಸಿಬಿಟ್ಟರು.

ಊಟದ ಮೊದಲ ಪಂಕ್ತಿಯಲ್ಲಿ ಬೀಗರ ಸಾಲಿನ ತುದಿಯಲ್ಲಿ ಶೇಷಪ್ಪನವರನ್ನು ಕೂರಿಸಿ, ಉಚ್ಚಂಗಪ್ಪನವರೇ ಹೋಳಿಗೆ ಬಡಿಸಿದರು. ಅವರು ಮಾತ್ರ ಯಾವ ಪಂಕ್ತಿಯಲ್ಲೂ ಕೂರಲಿಲ್ಲ. ಮನೆಯವರು, ನೆಂಟರು, ವಾದ್ಯದವರು, ಕೊನೆಗೆ ಪಾತ್ರೆ ತೊಳೆಯಲು ಬಂದವರು ಉಂಡ ಮೇಲೆಯೇ ಅವರ ಊಟ. ಬಿಸಿಲು ಇಳಿದು ಚಪ್ಪರ ಖಾಲಿಯಾದಾಗ ಒಂದು ಮೂಲೆಯಲ್ಲಿ ಒಬ್ಬರೇ ಎಲೆ ಹಾಕಿಕೊಂಡು ಕೂತರು. ಆಗ ಶೇಷಪ್ಪನವರು ಹರಿದ ಕೋಟನ್ನು ಕಂಬಕ್ಕೆ ನೇತುಹಾಕಿ ಬಂದು ಅವರ ಪಕ್ಕದಲ್ಲಿ ಕಾಲು ಮಡಿಸಿದರು.

"ಭಾವ, ನಿಮ್ಮ ಊಟ ಆಗಿತ್ತಲ್ಲ?"

"ಆಗಿತ್ತು. ಅದು ಬೀಗರ ಪಂಕ್ತಿ. ಇದು ನಮ್ಮದು."

ಹುಲಿಗೆಮ್ಮನವರು ಅಣ್ಣನ ಮುಂದೆ ಹೊಸ ಎಲೆ ಹಾಸಿ, ನೀರು ಚಿಮುಕಿಸಿ, ಅವರು ಸಾಕು ಸಾಕು ಎಂದು ಎರಡೂ ಕೈ ಅಡ್ಡ ಹಿಡಿದರೂ ಕೇಳದೆ, ಬೆರಳ ಸಂದಿಯಿಂದಲೇ ಅನ್ನ ಬಡಿಸುತ್ತಾ ಹೋದರು.